ಊರಿಗೆ ಬಂದವಳು

ಬಂದ ವಾರವೇ ಗಾಳದಂಗಡಿಯ ಆರ್ವಿಡ್‌ನನ್ನು ಕೇಳಿದ್ದೆ:
ಇಲ್ಲಿ ಟ್ರೌಟ್ ಎಲ್ಲಿ ಸಿಗುತ್ತದೆ?
ಅವನು ಧಾರಾಳಿ. ಕೌಂಟರಿನ ಮೇಲೆ ನಕ್ಷೆ ಹರವಿ
ದೊಡ್ಡ ನದಿಯ ಸೊಂಟಕ್ಕೆ ಬೆರಳಿಟ್ಟ.
"ಇಲ್ಲಿ. ಎಲ್ಲರೂ ಇಲ್ಲಿಗೇ ಹೋಗುವುದು."
ಆ ಎರಡನೇ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಐದೂವರೆ. ಸೇತುವೆ ಬಳಿ ಹನ್ನೊಂದು ಕಾರು,
ಅರ್ಧಕ್ಕರ್ಧ ಇಲಿನಾಯ್ ನಂಬರು.
ತೊಡೆಮಟ್ಟ ನೀರಿನಲ್ಲಿ ಗಂಡಸರು
ಬ್ಯಾಂಕಿನ ಸರದಿಯಲ್ಲಿ ನಿಂತ ಹಾಗೆ.
ಮೀನುಗಳೂ ಓದು ಬರಹ ಕಲಿತಿದ್ದವು:
ಗಾಳದ ನೊಣವನ್ನು ಮೂಸಿ, ಬೆಲೆಚೀಟಿ ನೋಡಿ,
ಬೇಡವೆಂದು ಹಿಂದಿರುಗುತ್ತಿದ್ದವು.

ನನ್ನದು ಹದಿನಾಲ್ಕನೇ ನಂಬರಿನ ಸ್ಕೂಲ್ ಬಸ್ಸು.
ಟೊಲಿಡೊದಲ್ಲಿ ಬ್ರೇಕಿನ ಕಾರ್ಖಾನೆ ಮುಚ್ಚಿದ ಮೇಲೆ
ವಿಸ್ಕಾನ್ಸಿನ್ನಿನ ಈ ಗುಡ್ಡಗಳ ನಡುವೆ ಸಿಕ್ಕ ಕೆಲಸ.
ದಿನಕ್ಕೆರಡು ಸಲ ಒಂಬತ್ತು ಸೇತುವೆ ದಾಟುತ್ತೇನೆ.
ಕೆಲವನ್ನು ಸೇತುವೆ ಎನ್ನುವುದೂ ಹೆಚ್ಚೇ,
ಟಾರಿನ ಕೆಳಗೆ ತೂರಿಸಿದ ತಗಡಿನ ಕೊಳವೆ.
ಎಣಿಸತೊಡಗಿದೆ. ಯಾವ ಸೇತುವೆಗೆ ಎಷ್ಟು ಕಾರು,
ಎಲ್ಲಿ ಹುಲ್ಲು ತುಳಿದು ದಾರಿಯಾಗಿದೆ,
ಎಲ್ಲಿ ಬಿಯರ್ ಡಬ್ಬಿ, ಎಲ್ಲಿ ಬರೀ ಹುಲ್ಲು.

ಜನವರಿಯಲ್ಲಿ ಎಲ್ಲವೂ ಹೆಪ್ಪುಗಟ್ಟಿತು.
ಆರನೆಯ ಕೊಳವೆಯೊಂದು ಮಾತ್ರ ಹಬೆಯಾಡುತ್ತಿತ್ತು.
ಸುತ್ತ ಮೊಣಕಾಲುದ್ದ ಹಿಮ, ನಡುವೆ
ನೀರುಸೊಪ್ಪಿನ ಹಸಿರು,
ಯಾರೋ ಶಾಲು ಮರೆತು ಹೋದಂತೆ.
ನೆಲದೊಳಗಿಂದ ಬರುವ ನೀರಿಗೆ ಚಳಿಗಾಲ ತಿಳಿಯದು.

ಅಲ್ಲಿಯೇ ಹತ್ತುತ್ತಿದ್ದ ಸಿಗ್ವಾಲ್ಡ್, ನಾಲ್ಕನೇ ಕ್ಲಾಸು.
ಅವನ ಬೂಟು ಸೋಮವಾರ ಮಾತ್ರ ಒದ್ದೆ,
ಬಸ್ಸಿನ ನಡುವೆ ಉದ್ದಕ್ಕೂ ಪುಟ್ಟ ಕೆರೆಗಳು.
"ಎಲ್ಲಿ ಬಿದ್ದೆಯೋ?" ಎಂದೆ ಕನ್ನಡಿಯಲ್ಲಿ.
"ಬಿದ್ದಿಲ್ಲ," ಎಂದ. ಅಷ್ಟೇ.
ಒಂಬತ್ತು ವರ್ಷಕ್ಕೇ ಬಾಯಿಗೆ ಬೀಗ ಹಾಕುವ ಊರು.

ಏಪ್ರಿಲ್‌ನಲ್ಲಿ ಅವನ ಅಜ್ಜಿಯ ಬಾಗಿಲು ತಟ್ಟಿದೆ.
ಬೋರ್ಗಿಲ್ಡ್ ಕೈಯಲ್ಲಿ ಬಾಟಲಿ, ತೊಡೆಯ ಪಕ್ಕ ಕರು.
"ಗೇಟು ಹಾಕ್ತೀಯಾ?"
ಹಾಕುತ್ತೇನೆ.
"ಗೂಳಿ ಎಡಗಡೆ ಇರುತ್ತೆ. ನೀನು ಬಲಗಡೆ ಹೋಗು."
ಅನುಮತಿ ಎಂದರೆ ಇಷ್ಟೇ ಇರಬಹುದೆಂದು
ಬಲಗಡೆ ಹೋದೆ.

ತೊರೆ ಎಂದರೆ ಹಾಸಿಗೆಯಷ್ಟು ಅಗಲ.
ಕೈಯಿಟ್ಟರೆ ಮೂಳೆ ನೋಯುವ ತಂಪು.
ನಿಂತರೆ ನೆರಳು ಬೀಳುತ್ತದೆ,
ಹಾಗಾಗಿ ಐವತ್ಮೂರು ವರ್ಷದ ಹೆಂಗಸು
ದನದ ಸಗಣಿಯ ನಡುವೆ ಮಂಡಿಯೂರಿ ತೆವಳಿದಳು.
ಮೂರು ಸಲ ಗಾಳ ಮುಳ್ಳುಪೊದೆಗೆ ಸಿಕ್ಕಿತು. ನಾಲ್ಕನೆಯದಕ್ಕೆ
ನೀರು ಚಿಟಿಕೆ ಹೊಡೆಯಿತು.

ಗೇಣುದ್ದವೂ ಇಲ್ಲ.
ಬೆನ್ನ ಮೇಲೆ ಹುಳು ತಿಂದ ಮರದ ಗೆರೆ,
ಪಕ್ಕೆಯಲ್ಲಿ ಕೆಂಪು ಚುಕ್ಕಿ, ಅದರ ಸುತ್ತ ನೀಲಿ ಬಳೆ,
ರೆಕ್ಕೆಯಂಚಿಗೆ ಸುಣ್ಣದ ಗೀಟು.
ಒದ್ದೆ ಕೈಯಲ್ಲಿ ಒಂದು ಉಸಿರಿನಷ್ಟು ಹೊತ್ತು, ಆಮೇಲೆ
ಕೈ ಇತ್ತು, ಅದು ಇರಲಿಲ್ಲ.

ತಲೆಯೆತ್ತಿದರೆ ತಿರುವಿನಲ್ಲಿ ಆರ್ವಿಡ್,
ಬೆತ್ತದ ಬುಟ್ಟಿ, ಅರ್ಧ ತಿಂದ ಸ್ಯಾಂಡ್‌ವಿಚ್.
ಇಬ್ಬರು ಕಳ್ಳರು ಒಂದೇ ಮನೆಯ ಹಿತ್ತಿಲಲ್ಲಿ.
ಬೈಯುತ್ತಾನೆ ಅಂದುಕೊಂಡೆ. ಅವನದು
ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ ಎನ್ನುವ ಮುಖ.
"ಎಂಟು ತಿಂಗಳು," ಅಂದ ಬೆರಳೆಣಿಸಿ.
"ಡುಲೂತ್‌ನಿಂದ ಬಂದಾಗ ನನಗೆ ಮೂರು ವರ್ಷ ಹಿಡಿದಿತ್ತು."
ಉಳಿದ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟ.
ಅವನು ಮೇಲಕ್ಕೆ ಹೋದ, ನಾನು ಕೆಳಕ್ಕೆ.
ಗೇಟು ಹಾಕಿದೆ. ಎರಡು ಸಲ ಅಲ್ಲಾಡಿಸಿ ನೋಡಿದೆ.

ಸೋಮವಾರ ಬಸ್ಸಿನ ಹೀಟರಿನ ಮುಂದೆ ನನ್ನ ಬೂಟು ಒಣಗುತ್ತಿತ್ತು.
ಸಿಗ್ವಾಲ್ಡ್ ಹತ್ತಿದ, ಬಗ್ಗಿ ನೋಡಿದ,
ತನ್ನದನ್ನೂ ಬಿಚ್ಚಿ ಪಕ್ಕದಲ್ಲಿಟ್ಟು
ಕಾಲುಚೀಲದಲ್ಲೇ ಹೋಗಿ ಕೂತ.